ಅಂಗಾಲಿನ ನರದ ನೋವು ಮತ್ತು ಡಾಕ್ಟರ್ ಮಾರ್ಟನ್: ನೋವು ಹೋಯಿತು ಅಂದರೆ ಕಾರಣ ಸಿಕ್ಕಿತು ಅಂತಲೇ?

ಚಪ್ಪಲಿಯೊಳಗೆ ಸಣ್ಣ ಕಲ್ಲೊಂದು ಸೇರಿಕೊಂಡಿದೆ ಅನ್ನಿಸುತ್ತದೆ. ಬಿಚ್ಚಿ ಕೊಡವಿದರೆ ಏನೂ ಬೀಳುವುದಿಲ್ಲ. ಮತ್ತೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಅದೇ ಕಲ್ಲು. ಸ್ವಲ್ಪ ಹೊತ್ತಿಗೆ ಬೆರಳುಗಳ ಬುಡದಲ್ಲಿ ಉರಿ, ಹೆಬ್ಬೆರಳಿನಿಂದ ಎಣಿಸಿದರೆ ಮೂರನೆಯ ಮತ್ತು ನಾಲ್ಕನೆಯ ಬೆರಳಿನ ತುದಿಯವರೆಗೆ ಕರೆಂಟು ಹೊಡೆದಂಥ ಸೆಳೆತ, ಆಮೇಲೆ ಜೋಮು. ಎಲ್ಲಾದರೂ ಕೂತು ಚಪ್ಪಲಿ ಬಿಟ್ಟು ಪಾದ ತಿಕ್ಕಿಕೊಂಡರೆ ಹೋಗುತ್ತದೆ. ಎದ್ದು ನಡೆದರೆ ಮತ್ತೆ ಬರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮನೆಗಳಲ್ಲಿ ಇಂಥ ನೋವಿಗೆ ಸಿದ್ಧ ಉತ್ತರಗಳಿವೆ. ಉಷ್ಣ ಜಾಸ್ತಿಯಾಗಿದೆ, ವಾಯು ಸೇರಿಕೊಂಡಿದೆ, ನರ ಎಳೆದಿದೆ, ಒಳಗೆ ಆಣಿ ಬೆಳೆಯುತ್ತಿದೆ. ಹರಳೆಣ್ಣೆ ತಿಕ್ಕಿ ಒಂದೆರಡು ದಿನ ಮನೆಯಲ್ಲೇ ಇದ್ದರೆ ಕಡಿಮೆಯೂ ಆಗುತ್ತದೆ. ಆಗ ಎಣ್ಣೆಯಿಂದಲೇ ಹೋಯಿತು ಎಂದು ನಂಬುತ್ತೇವೆ. ಆದರೆ ಆ ಎರಡು ದಿನ ಬಿಗಿ ಚಪ್ಪಲಿ ಹಾಕಿರಲಿಲ್ಲ, ಹೆಚ್ಚು ನಡೆದಿರಲಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊನೆಗೊಂದು ದಿನ ಮೈಸೂರಿನ ಆಸ್ಪತ್ರೆಗೆ ಹೋದಾಗ ವೈದ್ಯರು ಚೀಟಿಯಲ್ಲಿ ಮಾರ್ಟನ್ಸ್ ನ್ಯೂರೋಮಾ ಎಂದು ಬರೆಯಬಹುದು. ನ್ಯೂರೋಮಾ ಅಂದರೆ ನರದ ಗಡ್ಡೆ ಎಂದು ಯಾರಾದರೂ ಅರ್ಥ ಹೇಳಿದರೆ ಮನೆಯವರೆಲ್ಲ ಹೆದರುತ್ತಾರೆ. ಗಡ್ಡೆ ಅಂದರೆ ಕ್ಯಾನ್ಸರೇ? ನರ ಕತ್ತರಿಸಿದರೆ ಕಾಲೇ ಬಿದ್ದುಹೋಗುತ್ತದೆಯೇ? ಎರಡಕ್ಕೂ ಉತ್ತರ ಇಲ್ಲ ಎಂದೇ. ಅದು ಯಾಕೆ ಎಂದು ತಿಳಿಯಲು, ಈ ಕಾಯಿಲೆಗೆ ತಮ್ಮ ಹೆಸರು ಬಿಟ್ಟುಹೋದ ಮಾರ್ಟನ್ ಯಾರು, ಅವರು ಕಂಡದ್ದೇನು, ತಪ್ಪಿದ್ದೆಲ್ಲಿ ಎಂಬುದನ್ನು ನಾವಿಲ್ಲಿ ನೋಡೋಣ.

ಬುರುಡೆ ಅಳೆಯುತ್ತಿದ್ದ ತಂದೆ

ಥಾಮಸ್ ಜಾರ್ಜ್ ಮಾರ್ಟನ್ ಹುಟ್ಟಿದ್ದು 1835ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ. ಕಾಕತಾಳೀಯವೆಂಬಂತೆ ಅದೇ ವರ್ಷ ಇಟಲಿಯ ಅಂಗರಚನಾ ತಜ್ಞ ಫಿಲಿಪ್ಪೊ ಚಿವಿನಿನಿ, ಅಂಗಾಲಿನ ನರದ ಮೇಲೆ ಸಣ್ಣ ಊತವೊಂದನ್ನು ಕಂಡು ಬರೆದಿಟ್ಟಿದ್ದರು. ಅದು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಮಾರ್ಟನ್‌ಗೆ 10 ವರ್ಷವಾದಾಗ, 1845ರಲ್ಲಿ, ಲಂಡನ್ನಿನಲ್ಲಿ ರಾಣಿ ವಿಕ್ಟೋರಿಯಾಳ ಪಾದಗಳ ಆರೈಕೆ ನೋಡಿಕೊಳ್ಳುತ್ತಿದ್ದ ಲೂಯಿಸ್ ಡರ್ಲೇಕರ್ ಆಣಿ ಮತ್ತು ಉಗುರಿನ ತೊಂದರೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ಬಗೆಯ ನರದ ನೋವನ್ನು ವರ್ಣಿಸಿದರು. ಅಂದರೆ ಕಾಯಿಲೆಯನ್ನು ಮೊದಲು ಕಂಡವರು ಮಾರ್ಟನ್ ಅಲ್ಲ. ವೈದ್ಯಕೀಯದಲ್ಲಿ ಹೆಸರು ನಿಲ್ಲುವುದು ಮೊದಲು ಕಂಡವರದ್ದೇ ಆಗಬೇಕೆಂದಿಲ್ಲ.

ತಂದೆ ಸ್ಯಾಮ್ಯುಯೆಲ್ ಜಾರ್ಜ್ ಮಾರ್ಟನ್ ಕೂಡ ವೈದ್ಯರೇ. ಆದರೆ ಅವರು ಪ್ರಸಿದ್ಧರಾದದ್ದು ಮನುಷ್ಯರ ತಲೆಬುರುಡೆಗಳ ಸಂಗ್ರಹದಿಂದ. ನಾನಾ ದೇಶಗಳಿಂದ ನೂರಾರು ಬುರುಡೆಗಳನ್ನು ತರಿಸಿ, ಒಳಗೆ ಸಣ್ಣ ಕಾಳು ತುಂಬಿ, ಆಮೇಲೆ ಸೀಸದ ಗುಂಡು ತುಂಬಿ, ಯಾವ ಬುರುಡೆ ಎಷ್ಟು ಹಿಡಿಯುತ್ತದೆ ಎಂದು ಅಳೆಯುತ್ತಿದ್ದರು. ಆ ಅಳತೆಗಳಿಂದ ಅವರು ಮನುಷ್ಯ ಜನಾಂಗಗಳಿಗೆ ಮೇಲುಕೀಳಿನ ಶ್ರೇಣಿ ಕಟ್ಟಿದರು. ಗುಲಾಮಗಿರಿಯನ್ನು ಬೆಂಬಲಿಸುವವರಿಗೆ ಅದು ಒಳ್ಳೆಯ ಆಸರೆಯಾಯಿತು. ಅಳತೆ ಎಷ್ಟೇ ಶ್ರದ್ಧೆಯಿಂದ ಮಾಡಿದ್ದಿರಲಿ, ಬುರುಡೆಯ ಗಾತ್ರದಿಂದ ಜನಾಂಗವೊಂದರ ಬುದ್ಧಿ ತೂಗಿದ್ದು ಶುದ್ಧ ತಪ್ಪು. ಇಂದು ವಿಜ್ಞಾನ ಅದನ್ನು ಪೂರ್ತಿ ತಳ್ಳಿಹಾಕಿದೆ. ಆ ಬುರುಡೆಗಳನ್ನು ಇಟ್ಟುಕೊಂಡಿದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ 2021ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿತು.

ತಂದೆ 1851ರಲ್ಲಿ ತೀರಿಕೊಂಡಾಗ ಮಗನಿಗೆ 15 ವರ್ಷ. ತಂದೆಯ ಪಾಪವನ್ನು ಮಗನ ತಲೆಗೆ ಕಟ್ಟಲು ನಾವು ಇದನ್ನು ಹೇಳುತ್ತಿಲ್ಲ. ಚೆನ್ನಾಗಿ ನೋಡುವುದು ಬೇರೆ, ನೋಡಿದ್ದಕ್ಕೆ ಸರಿಯಾದ ಕಾರಣ ಹೇಳುವುದು ಬೇರೆ. ಈ ವ್ಯತ್ಯಾಸ ಮಗನ ಕೆಲಸದಲ್ಲೂ ಬೇರೆ ರೀತಿಯಲ್ಲಿ ಎದುರಾಗುತ್ತದೆ.

ಯುದ್ಧ ಕಲಿಸಿದ ನರದ ಪಾಠ

ಥಾಮಸ್ ಮಾರ್ಟನ್ 1856ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಮುಂದೆ ಅವರ ವೃತ್ತಿಜೀವನದ ಬಹುಭಾಗ ಕಳೆದದ್ದು ಪೆನ್ಸಿಲ್ವೇನಿಯಾ ಆಸ್ಪತ್ರೆಯಲ್ಲಿ. 1751ರಲ್ಲಿ ಡಾಕ್ಟರ್ ಥಾಮಸ್ ಬಾಂಡ್ ಮತ್ತು ಬೆಂಜಮಿನ್ ಫ್ರಾಂಕ್ಲಿನ್ ಸೇರಿ ಕಟ್ಟಿದ ಆಸ್ಪತ್ರೆ ಅದು.

ಮಾರ್ಟನ್ ಪದವಿ ಪಡೆಯುವ 10 ವರ್ಷ ಮೊದಲು, 1846ರ ಅಕ್ಟೋಬರ್ 16ರಂದು, ಬಾಸ್ಟನ್ನಿನಲ್ಲಿ ಈಥರ್ ಮೂಸಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ಸಾರ್ವಜನಿಕವಾಗಿ ತೋರಿಸಲಾಗಿತ್ತು. ಅಂದು ಈಥರ್ ಕೊಟ್ಟ ದಂತವೈದ್ಯರ ಹೆಸರೂ ಮಾರ್ಟನ್, ವಿಲಿಯಂ ಮಾರ್ಟನ್. ಅವರೇ ಬೇರೆ, ನಮ್ಮ ಮಾರ್ಟನ್ನೇ ಬೇರೆ. ಅರಿವಳಿಕೆ ಬಂದ ಮೇಲೆ ರೋಗಿಯನ್ನು ನಾಲ್ಕು ಜನ ಅದುಮಿ ಹಿಡಿಯುವ ಕಾಲ ಮುಗಿಯಿತು. ಶಸ್ತ್ರಚಿಕಿತ್ಸಕರಿಗೆ ನಿಧಾನವಾಗಿ, ನೋಡಿ ನೋಡಿ ಕೆಲಸ ಮಾಡಲು ಸಮಯ ಸಿಕ್ಕಿತು. ಆದರೆ ಗಾಯದಲ್ಲಿ ಕೀವಾಗುವುದು ಮಾತ್ರ ನಿಲ್ಲಲಿಲ್ಲ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಫಿಲಡೆಲ್ಫಿಯಾದ ಸೇನಾ ಆಸ್ಪತ್ರೆಗಳು ಗಾಯಾಳುಗಳಿಂದ ತುಂಬಿದವು. ಮಾರ್ಟನ್ ಅಲ್ಲಿ ಶಸ್ತ್ರಚಿಕಿತ್ಸಕರಾಗಿ ದುಡಿದರು. ಅದೇ ಊರಿನಲ್ಲಿ ಸೈಲಸ್ ವಿಯರ್ ಮಿಚೆಲ್ ಎಂಬ ನರರೋಗ ತಜ್ಞರು ಗುಂಡೇಟಿನಿಂದ ನರ ಹರಿದ ಸೈನಿಕರನ್ನು ನೋಡಿಕೊಳ್ಳುತ್ತಿದ್ದರು. ಗಾಯ ಮಾಗಿದ ಮೇಲೂ ಬೆಂಕಿಯಂಥ ಉರಿ ಉಳಿಯುವುದನ್ನು, ಕತ್ತರಿಸಿ ತೆಗೆದ ಕಾಲಿನಲ್ಲೇ ನೋವಿದೆ ಎಂದು ಸೈನಿಕರು ಹೇಳುವುದನ್ನು ಮಿಚೆಲ್ ದಾಖಲಿಸಿ, 1872ರಲ್ಲಿ ನರಗಳ ಗಾಯಗಳ ಬಗ್ಗೆ ಪುಸ್ತಕ ಪ್ರಕಟಿಸಿದರು.

ನರ ವಿದ್ಯುತ್ ತಂತಿಯಂತಲ್ಲ. ತಂತಿಯನ್ನು ಕತ್ತರಿಸಿದರೆ ಅದು ಸುಮ್ಮನಾಗುತ್ತದೆ. ಕತ್ತರಿಸಿದ ನರ ಜೀವಂತವಾಗಿಯೇ ಇದ್ದು, ಕಳೆದುಹೋದ ತನ್ನ ತುದಿಯನ್ನು ಹುಡುಕಿಕೊಂಡು ಎಳೆಗಳನ್ನು ಬೆಳೆಸುತ್ತದೆ. ದಾರಿ ಸಿಗದಿದ್ದರೆ ಆ ಎಳೆಗಳು ಅಲ್ಲೇ ಗಂಟಾಗುತ್ತವೆ. ಆ ಗಂಟನ್ನು ಒತ್ತಿದರೆ ನೋವಾಗಬಹುದು. ಇಂದಿಗೂ ಅಂಗಾಲಿನ ನರ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಹೆಚ್ಚು ಯೋಚಿಸುವ ತೊಡಕು ಇದೇ.

ಯುದ್ಧ ಮುಗಿದ ಮೇಲೆ, 1867ರಲ್ಲಿ, ಫಿಲಡೆಲ್ಫಿಯಾದಲ್ಲಿ ಮೂಳೆ ಮತ್ತು ಕೈಕಾಲುಗಳ ತೊಂದರೆಗಳಿಗೆಂದೇ ಒಂದು ಆಸ್ಪತ್ರೆ ಆರಂಭವಾಯಿತು. ಅದನ್ನು ಸ್ಥಾಪಿಸಿದವರಲ್ಲಿ ಮಾರ್ಟನ್ ಒಬ್ಬರು.

1876: ನಾಲ್ಕನೆಯ ಬೆರಳಿನ ಬುಡ

1876ರಲ್ಲಿ ಮೈಸೂರು ಸೀಮೆಯಲ್ಲಿ ಮಳೆ ಕೈಕೊಟ್ಟು ಧಾತು ಈಶ್ವರ ಬರ ಶುರುವಾಗಿತ್ತು. ಅದೇ ವರ್ಷ ಅತ್ತ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸ್ವಾತಂತ್ರ್ಯದ ನೂರನೆಯ ವರ್ಷದ ದೊಡ್ಡ ವಸ್ತುಪ್ರದರ್ಶನ ನಡೆಯುತ್ತಿತ್ತು. ಆ ವರ್ಷ ಮಾರ್ಟನ್ ಒಂದು ವೈದ್ಯಕೀಯ ಪತ್ರಿಕೆಯಲ್ಲಿ, ಪಾದದ ನಾಲ್ಕನೆಯ ಬೆರಳಿನ ಬುಡದ ಕೀಲಿಗೆ ಬರುವ ವಿಚಿತ್ರ ನೋವಿನ ಬಗ್ಗೆ ಲೇಖನ ಬರೆದರು.

ಅದರಲ್ಲಿ 10ಕ್ಕೂ ಹೆಚ್ಚು ರೋಗಿಗಳ ವಿವರ ಇತ್ತು. ನೋವು ಹಠಾತ್ತಾಗಿ ಬರುತ್ತದೆ, ಬೂಟು ಹಾಕಿಕೊಂಡು ನಡೆಯುವಾಗ ಹೆಚ್ಚಾಗುತ್ತದೆ, ಎಷ್ಟು ಹೆಚ್ಚೆಂದರೆ ಇದ್ದಲ್ಲೇ ಬೂಟು ಬಿಚ್ಚಬೇಕಾಗುತ್ತದೆ, ಬಿಚ್ಚಿದರೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಪಾದದಲ್ಲಿ ಊತವಿಲ್ಲ, ಕೆಂಪಿಲ್ಲ, ಗಾಯವಿಲ್ಲ. ಕಣ್ಣಿಗೆ ಏನೂ ಕಾಣದ ನೋವನ್ನು ನಂಬುವ ವೈದ್ಯರು ಆ ಕಾಲದಲ್ಲಿ ಕಡಿಮೆ. ಮಾರ್ಟನ್ ನಂಬಿದರು. ಒಬ್ಬೊಬ್ಬ ರೋಗಿ ಹೇಳಿದ್ದನ್ನೂ ಕೇಳಿ, ಒಂದಕ್ಕೊಂದು ಹೋಲಿಸಿ, ಎಲ್ಲರ ನೋವೂ ಒಂದೇ ಜಾಗದಲ್ಲಿದೆ ಎಂದು ಗುರುತಿಸಿದರು. ಅವರ ಹೆಸರು ನಿಂತಿರುವುದು ಈ ಕೆಲಸಕ್ಕೆ.

ಅವರು ಕೊಟ್ಟ ಕಾರಣ ಹೀಗಿತ್ತು. ಕಿರುಬೆರಳಿನ ಉದ್ದ ಮೂಳೆ ಉಳಿದವುಗಳಿಗಿಂತ ಹೆಚ್ಚು ಅಲುಗಾಡುತ್ತದೆ. ಬೂಟು ಪಕ್ಕದಿಂದ ಒತ್ತಿದಾಗ ಅದು ನಾಲ್ಕನೆಯ ಬೆರಳಿನ ಮೂಳೆಗೆ ತಾಗಿ, ನಡುವಿನ ನರದ ಕವಲುಗಳನ್ನು ಅದುಮುತ್ತದೆ. ಹೀಗಾಗಿ ತೊಂದರೆಯ ಮೂಲ ನಾಲ್ಕನೆಯ ಬೆರಳಿನ ಕೀಲಿನಲ್ಲಿದೆ. ಸುಲಭದ ಉಪಾಯಗಳಿಂದ ಗುಣ ಕಾಣದಿದ್ದರೆ ಆ ಕೀಲನ್ನೇ ಕತ್ತರಿಸಿ ತೆಗೆಯುವುದು ಅವರ ಚಿಕಿತ್ಸೆ.

ಅಂದಿನ ಸ್ಥಿತಿಯಲ್ಲಿ ಪಾದದ ಮೂಳೆಗೆ ಕೈಹಾಕುವುದು ಸಣ್ಣ ಮಾತಾಗಿರಲಿಲ್ಲ. ಅದೇ 1876ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಜೋಸೆಫ್ ಲಿಸ್ಟರ್ ಫಿಲಡೆಲ್ಫಿಯಾಕ್ಕೆ ಬಂದು, ಗಾಯ ಮತ್ತು ಉಪಕರಣಗಳನ್ನು ಕಾರ್ಬಾಲಿಕ್ ಆಮ್ಲದಿಂದ ಶುದ್ಧಗೊಳಿಸಿದರೆ ಕೀವಾಗುವುದು ತಪ್ಪುತ್ತದೆ ಎಂದು ಅಲ್ಲಿನ ವೈದ್ಯರಿಗೆ ವಿವರಿಸಿದರು. ಕೇಳಿದವರಲ್ಲಿ ಅನೇಕರು ಒಪ್ಪಲಿಲ್ಲ. ಕೈ ತೊಳೆಯದೆ ಗಾಯಕ್ಕೆ ಬೆರಳಿಡುವ ಅಭ್ಯಾಸ ಇನ್ನೂ ಕೆಲವು ವರ್ಷ ಮುಂದುವರಿಯಿತು.

ಸರಿಯಾದ ಜಾಗ, ಅರ್ಧ ಸರಿಯಾದ ಕಾರಣ

ಮಾರ್ಟನ್ ಹೇಳಿದ್ದರಲ್ಲಿ ಎರಡು ಸಂಗತಿ ಸರಿ. ಬೂಟಿನ ಒತ್ತಡಕ್ಕೂ ನೋವಿಗೂ ಸಂಬಂಧವಿದೆ. ನೋವು ತರುತ್ತಿರುವುದು ಅದುಮಿಸಿಕೊಂಡ ನರ. ತಪ್ಪಿದ್ದು, ಮೂಲ ಇರುವುದು ಕೀಲಿನಲ್ಲಿ ಎಂದದ್ದು. ತೊಂದರೆ ಇದ್ದದ್ದು ಮೂರನೆಯ ಮತ್ತು ನಾಲ್ಕನೆಯ ಬೆರಳಿನ ನಡುವೆ ಹಾದುಹೋಗುವ ನರದಲ್ಲೇ.

ಪಾದದ ಐದು ಉದ್ದ ಮೂಳೆಗಳ ತಲೆಗಳನ್ನು ಒಂದು ಗಟ್ಟಿ ಪಟ್ಟಿ ಅಡ್ಡಡ್ಡ ಕಟ್ಟಿಹಾಕಿರುತ್ತದೆ. ಬೆರಳಿಗೆ ಹೋಗುವ ನರ ಆ ಪಟ್ಟಿಯ ಕೆಳಗೆ ಹಾದುಹೋಗುತ್ತದೆ. ಹಿಮ್ಮಡಿ ಎತ್ತಿ ಬೆರಳು ಮಡಿಸಿ ಹೆಜ್ಜೆ ಹಾಕುವಾಗಲೆಲ್ಲ ನರ ಪಟ್ಟಿಯ ಅಂಚಿಗೆ ಎಳೆದುಕೊಂಡು ಉಜ್ಜುತ್ತದೆ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದರೆ ಪಾದ ಸದಾ ಅದೇ ಭಂಗಿಯಲ್ಲಿ ಇರುತ್ತದೆ. ಮುಂಭಾಗ ಕಿರಿದಾದ ಬೂಟು ಹಾಕಿದರೆ ಮೂಳೆಗಳು ಒತ್ತೊತ್ತಾಗಿ ಜಾಗ ಇನ್ನೂ ಕಿರಿದಾಗುತ್ತದೆ. ವರ್ಷಗಟ್ಟಲೆ ಹೀಗಾದಾಗ ನರದ ಸುತ್ತಲಿನ ಹೊದಿಕೆ ದಪ್ಪಗಾಗುತ್ತದೆ. ನೇಗಿಲು ಹಿಡಿದ ಅಂಗೈ ಗಟ್ಟಿಯಾಗುವಂತೆ ಎಂದು ಅಂದಾಜಿಗೆ ಹೇಳಬಹುದು. ಇದು ಜೀವಕೋಶಗಳು ಎಗ್ಗಿಲ್ಲದೆ ಬೆಳೆಯುವ ಗಡ್ಡೆಯಲ್ಲ. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ನ್ಯೂರೋಮಾ ಎಂಬ ಹೆಸರೇ ಇಲ್ಲಿ ದಾರಿತಪ್ಪಿಸುತ್ತದೆ.

ಹಾಗಾದರೆ ಮೂಳೆಯ ಕೀಲು ತೆಗೆದಾಗ ನೋವು ಹೋದದ್ದು ಹೇಗೆ? ಅದುಮುತ್ತಿದ್ದ ಮೂಳೆ ಇಲ್ಲವಾದಾಗ ನರಕ್ಕೆ ಜಾಗ ಸಿಗುತ್ತದೆ, ಅಥವಾ ಮೂಳೆಯ ಜೊತೆ ಸುತ್ತಲಿನ ಮೆದುಭಾಗವೂ, ಅದರೊಳಗಿನ ನರವೂ ಹೊರಬಂದಿರುತ್ತದೆ. ರೋಗಿಗೆ ನೆಮ್ಮದಿ ಸಿಕ್ಕಿತು ಎಂಬುದು ನಿಜ. ವಿವರಣೆ ಸರಿ ಎಂದು ಅದರಿಂದ ಸಾಬೀತಾಗಲಿಲ್ಲ. ಹರಳೆಣ್ಣೆ ತಿಕ್ಕಿ ಎರಡು ದಿನ ಮನೆಯಲ್ಲಿದ್ದು ನೋವು ಇಳಿದಾಗ ನಾವು ಮಾಡುವ ತಪ್ಪೂ ಇಂಥದ್ದೇ. ನೋವು ಹೋಗುವುದಕ್ಕೂ ಕಾರಣ ಸಿಗುವುದಕ್ಕೂ ನಡುವೆ ಬಹಳ ಅಂತರವಿದೆ.

ಮನೆಯೊಳಗಿನ ಎರಡು ಸಾವು

ಈ ಅಂತರ ಮಾರ್ಟನ್ ಅವರ ಸ್ವಂತ ಮನೆಯಲ್ಲಿ ಜೀವಕ್ಕೇ ಎರವಾಗಿತ್ತು. ಅವರ ಸಹೋದರ ಒಬ್ಬರು ಮತ್ತು ಮಗ, ಇಬ್ಬರೂ ಅಪೆಂಡಿಕ್ಸ್ ಬಾವಿನಿಂದ ತೀರಿಕೊಂಡಿದ್ದರು. ಹೊಟ್ಟೆಯ ಬಲಗಡೆ ಕೆಳಗೆ ಬರುವ ಆ ನೋವಿಗೆ ಅಂದು ಸಾಮಾನ್ಯವಾಗಿ ಕೊಡುತ್ತಿದ್ದದ್ದು ಅಫೀಮು. ಅಫೀಮು ನೋವನ್ನು ಇಳಿಸುತ್ತಿತ್ತು, ರೋಗಿ ಶಾಂತವಾಗಿ ಮಲಗುತ್ತಿದ್ದ. ಒಳಗೆ ಅಪೆಂಡಿಕ್ಸ್ ಒಡೆದು ಕೀವು ಹರಡುತ್ತಲೇ ಇತ್ತು.

1886ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್, ಈ ಸಾವುಗಳಿಗೆ ಕಾರಣ ಕಿರುಬೆರಳಿನ ಗಾತ್ರದ ಅಪೆಂಡಿಕ್ಸ್ ಎಂದು ತೋರಿಸಿಕೊಟ್ಟು, ಬೇಗನೆ ಶಸ್ತ್ರಚಿಕಿತ್ಸೆ ಮಾಡಬೇಕೆಂದು ವಾದಿಸಿದರು. ಮರುವರ್ಷವೇ, 1887ರಲ್ಲಿ, ಮಾರ್ಟನ್ ರೋಗಿಯೊಬ್ಬರ ಕಾಯಿಲೆಯನ್ನು ಮೊದಲೇ ಗುರುತಿಸಿ, ಹೊಟ್ಟೆ ತೆರೆದು, ತೂತಾಗಿದ್ದ ಅಪೆಂಡಿಕ್ಸ್ ತೆಗೆದರು. ರೋಗಿ ಬದುಕಿದರು. ಹೀಗೆ ಗುರುತಿಸಿ ಯಶಸ್ವಿಯಾಗಿ ಮಾಡಿದ ಮೊದಮೊದಲ ಶಸ್ತ್ರಚಿಕಿತ್ಸೆಗಳಲ್ಲಿ ಅದೂ ಒಂದು ಎಂದು ವೈದ್ಯಕೀಯ ಇತಿಹಾಸ ಲೆಕ್ಕ ಇಡುತ್ತದೆ. ತಮ್ಮವರಿಬ್ಬರನ್ನು ಕಳೆದುಕೊಂಡ ಮನುಷ್ಯ ಬೇರೆಯವರ ಮನೆಯ ಒಬ್ಬರನ್ನು ಅದೇ ಕಾಯಿಲೆಯಿಂದ ಉಳಿಸಿಕೊಟ್ಟರು.

ಅಪೆಂಡಿಕ್ಸ್ ಬಾವಿನಲ್ಲಿ ತಡಮಾಡಿದರೆ ಜೀವ ಹೋಗುತ್ತದೆ. ಅಂಗಾಲಿನ ನರದ ನೋವಿನಲ್ಲಿ ಹಾಗಿಲ್ಲ. ಒಂದರಲ್ಲಿ ಕತ್ತಿ ಮೊದಲು ಬರಬೇಕು, ಇನ್ನೊಂದರಲ್ಲಿ ಕೊನೆಗೆ. ಎಲ್ಲ ನೋವಿಗೂ ಒಂದೇ ನಿಯಮವಿಲ್ಲ.

ಕೊನೆಯ ವರ್ಷಗಳು, ಆಮೇಲಿನ ತಿದ್ದುಪಡಿ

ಮುಂದಿನ ವರ್ಷಗಳಲ್ಲಿ ಮಾರ್ಟನ್ ಮಾನಸಿಕ ರೋಗಿಗಳ ಆಸ್ಪತ್ರೆಗಳ ಮೇಲ್ವಿಚಾರಣೆಯ ಕೆಲಸದಲ್ಲೂ ತೊಡಗಿಕೊಂಡರು. 1895ರಲ್ಲಿ ಫ್ರಾಂಕ್ ವುಡ್‌ಬರಿ ಅವರ ಜೊತೆ ಸೇರಿ ಪೆನ್ಸಿಲ್ವೇನಿಯಾ ಆಸ್ಪತ್ರೆಯ ದೊಡ್ಡ ಇತಿಹಾಸವೊಂದನ್ನು ಹೊರತಂದರು. 1903ರ ಮೇ ತಿಂಗಳಲ್ಲಿ ತೀರಿಕೊಂಡರು.

ಅವರು ಬದುಕಿದ್ದಾಗಲೇ, 1893ರಲ್ಲಿ, ಷಿಕಾಗೋದ ಆಲ್ಬರ್ಟ್ ಹೋಡ್ಲಿ ಮೂಳೆಯನ್ನು ಮುಟ್ಟದೆ ದಪ್ಪಗಾದ ನರವನ್ನಷ್ಟೇ ತೆಗೆದು ನೋವು ಗುಣಪಡಿಸಿದ್ದರು. ಆದರೂ ವೈದ್ಯಲೋಕ ನರದ ಕಡೆ ಪೂರ್ತಿ ತಿರುಗಲು ಇನ್ನೂ ಸುಮಾರು ಅರ್ಧ ಶತಮಾನ ಹಿಡಿಯಿತು. 1940ರಲ್ಲಿ ಆಸ್ಟ್ರೇಲಿಯಾದ ಬೆಟ್ಸ್ ಇದು ನರದ ತೊಂದರೆಯೇ ಎಂದು ಬಲವಾಗಿ ವಾದಿಸಿದರು. 1951ರಲ್ಲಿ ಮುಲ್ಡರ್ ಎಂಬುವರು, ಪಾದವನ್ನು ಎರಡೂ ಬದಿಯಿಂದ ಕೈಯಲ್ಲಿ ಒತ್ತಿ ಬೆರಳಿನ ಸಂದಿಯನ್ನು ಕೆಳಗಿನಿಂದ ಅದುಮಿದರೆ ಟಕ್ ಎಂದು ಜಾರಿದ ಅನುಭವವಾಗುತ್ತದೆ ಎಂದು ತೋರಿಸಿದರು. ಇಂದಿಗೂ ವೈದ್ಯರು ಮೊದಲು ಮಾಡಿ ನೋಡುವ ಪರೀಕ್ಷೆಗಳಲ್ಲಿ ಅದೂ ಒಂದು. ಮಾರ್ಟನ್ ಹೆಸರು ಮಾತ್ರ ಕಾಯಿಲೆಗೆ ಅಂಟಿಕೊಂಡೇ ಉಳಿಯಿತು.

ನಮ್ಮ ಕಡೆ ವೈದ್ಯ ಶಿಕ್ಷಣ ಗಟ್ಟಿಯಾದದ್ದು ಅವರು ಹೋದ ಮೇಲೆ. ಕೆ.ಆರ್. ನಗರಕ್ಕೆ ಯಾರ ಹೆಸರಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1924ರಲ್ಲಿ, ಮೈಸೂರು ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ಈ ನಾಲ್ಕು ತಾಲ್ಲೂಕುಗಳ ಜನ ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ್ದಕ್ಕೆ ಹೋಗುವ ಕೆ.ಆರ್. ಆಸ್ಪತ್ರೆ ಆ ಕಾಲೇಜಿನದ್ದೇ.

ಉದ್ದ ಬೆರಳು ಮತ್ತು ಕಾಲುಂಗುರದ ಕಥೆ

ಅಂತರ್ಜಾಲದಲ್ಲಿ ಮಾರ್ಟನ್ ಎಂದು ಹುಡುಕಿದರೆ, ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಾಗಿರುವ ಪಾದದ ಚಿತ್ರಗಳೂ ಸಿಗುತ್ತವೆ. ಅದು ಡಡ್ಲಿ ಮಾರ್ಟನ್ ಎಂಬ ಇನ್ನೊಬ್ಬ ಅಮೆರಿಕನ್ ವೈದ್ಯರ ಹೆಸರಿನದು. ಅವರು 20ನೆಯ ಶತಮಾನದವರು. ಆ ಬಗೆಯ ಪಾದ ಬಹಳ ಜನರಿಗಿರುತ್ತದೆ, ಹೆಚ್ಚಿನವರಿಗೆ ಅದರಿಂದ ಯಾವ ನೋವೂ ಇರುವುದಿಲ್ಲ. ಹಾಗೆ ಬೆರಳು ಉದ್ದವಿರುವ ಹೆಣ್ಣು ಗಂಡನನ್ನು ಆಳುತ್ತಾಳೆ ಎಂಬ ಮಾತಿಗೆ ಹುರುಳಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಕಾಲುಂಗುರ ಹಾಕುವ ಬೆರಳಿನ ನರ ನೇರವಾಗಿ ಗರ್ಭಕೋಶಕ್ಕೆ ಹೋಗುತ್ತದೆ ಎಂಬ ಸಂದೇಶವೂ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದು ನಿಜವಲ್ಲ. ಕಾಲ್ಬೆರಳಿನ ನರಗಳು ಅಂಗಾಲಿನ ನರಗಳಿಗೆ ಸೇರಿ, ಹಿಮ್ಮಡಿಯ ಒಳಬದಿಯಿಂದ ಮೇಲೆ ಹತ್ತಿ, ತೊಡೆಯ ಹಿಂದಿನ ದಪ್ಪ ನರದ ಮೂಲಕ ಬೆನ್ನುಹುರಿಗೆ ಹೋಗುತ್ತವೆ. ಅಲ್ಲಿಂದ ಸುದ್ದಿ ಮೆದುಳಿಗೆ ಮುಟ್ಟುತ್ತದೆ. ಕಾಲುಂಗುರ ಸಂಪ್ರದಾಯ, ಇಷ್ಟವಿದ್ದವರು ಹಾಕಿಕೊಳ್ಳಬಹುದು. ಬಿಗಿಯಾಗಿ ಬೆರಳು ಊದಿಕೊಂಡರೆ ಮಾತ್ರ ಸಡಿಲಿಸಬೇಕು.

ಇಂದು ಚಿಕಿತ್ಸೆ ಎಲ್ಲಿಂದ ಶುರುವಾಗುತ್ತದೆ?

ಮೊದಲು, ನೋವು ನಿಜಕ್ಕೂ ಇದೇ ಕಾಯಿಲೆಯದ್ದೇ ಎಂದು ಖಚಿತವಾಗಬೇಕು. ಮಾರ್ಟನ್ ನೋವು ಸಾಮಾನ್ಯವಾಗಿ ಒಂದು ಪಾದದ ಒಂದೇ ಸಂದಿಯಲ್ಲಿರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ನಡುವಯಸ್ಸಿನಲ್ಲಿ ಹೆಚ್ಚು. ಎರಡೂ ಪಾದ ಒಟ್ಟಿಗೆ ಉರಿಯುತ್ತಿದ್ದು ರಾತ್ರಿ ಹೆಚ್ಚಾಗುತ್ತಿದ್ದರೆ ಸಕ್ಕರೆ ಕಾಯಿಲೆ ಅಥವಾ ಬಿ12 ಜೀವಸತ್ವದ ಕೊರತೆ ಇರಬಹುದು, ರಕ್ತ ಪರೀಕ್ಷೆ ಬೇಕು. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಕುಷ್ಠರೋಗದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧಿ ಉಚಿತ, ಕಾಯಿಲೆ ಪೂರ್ತಿ ಗುಣವಾಗುತ್ತದೆ. ಮೂಳೆಯಲ್ಲಿ ಸಣ್ಣ ಬಿರುಕು, ಆಣಿ, ಬೆನ್ನಿನಲ್ಲಿ ನರ ಒತ್ತಿದ್ದು ಕೂಡ ಇಂಥ ನೋವು ಕೊಡಬಲ್ಲವು. ಸ್ಕ್ಯಾನಿನಲ್ಲಿ ನರ ದಪ್ಪ ಕಂಡರೆ ಅಷ್ಟಕ್ಕೇ ತೀರ್ಮಾನಿಸಲಾಗದು. ನೋವೇ ಇಲ್ಲದ ಅನೇಕರ ಪಾದದಲ್ಲೂ ಅಂಥ ದಪ್ಪ ನರ ಕಾಣುತ್ತದೆ.

ಖಚಿತವಾದ ಮೇಲೆ ಮೊದಲ ಚಿಕಿತ್ಸೆ ಪಾದರಕ್ಷೆಯೇ. ಮುಂಭಾಗ ಅಗಲವಿರುವ, ಹಿಮ್ಮಡಿ ಎತ್ತರವಿಲ್ಲದ, ಅಡಿ ಮೆತ್ತಗಿರುವ ಚಪ್ಪಲಿ ಅಥವಾ ಬೂಟು. ಅದರೊಳಗೆ, ನೋಯುವ ಜಾಗದ ಮೇಲಲ್ಲ, ಅದಕ್ಕಿಂತ ಸ್ವಲ್ಪ ಹಿಂದೆ, ಒಂದು ಸಣ್ಣ ಮೆತ್ತೆ. ಅದು ಮೂಳೆಗಳನ್ನು ತುಸು ಎತ್ತಿ ಅಗಲಿಸಿ ನರಕ್ಕೆ ಜಾಗ ಮಾಡಿಕೊಡುತ್ತದೆ. ಮೆತ್ತೆಯನ್ನು ನೋಯುವ ಜಾಗಕ್ಕೇ ಇಟ್ಟರೆ ನೋವು ಹೆಚ್ಚಾಗುತ್ತದೆ. ಹೊಗೆಸೊಪ್ಪಿನ ಹೊಲದಲ್ಲೋ ಬ್ಯಾರನ್ ಮುಂದೆಯೋ ದಿನವಿಡೀ ನಿಂತು ಕೆಲಸ ಮಾಡುವವರು ನಡುನಡುವೆ ಕೂತು ಕಾಲಿಗೆ ಬಿಡುವು ಕೊಡಬೇಕು. ಇಷ್ಟಕ್ಕೇ ನೋವು ಹತೋಟಿಗೆ ಬರುವವರು ಬಹಳ ಜನ. ಕೆಲವು ತಿಂಗಳಾದರೂ ಇದನ್ನು ಬಿಡದೆ ಮಾಡಿ ನೋಡಬೇಕು.

ಇದಕ್ಕೆ ಜಗ್ಗದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್. ಕೆಲವರಿಗೆ ತಿಂಗಳುಗಟ್ಟಲೆ ನೆಮ್ಮದಿ ಸಿಗುತ್ತದೆ. ಆದರೆ ಪದೇ ಪದೇ ಚುಚ್ಚಿಸಿಕೊಂಡರೆ ಅಂಗಾಲಿನ ಕೊಬ್ಬಿನ ಮೆತ್ತೆ ಸವೆಯಬಹುದು, ಚರ್ಮದ ಬಣ್ಣ ಮಾಸಬಹುದು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ರಕ್ತದ ಸಕ್ಕರೆ ಏರಬಹುದು. ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಕೊನೆಯ ಮೆಟ್ಟಿಲು: ಶಸ್ತ್ರಚಿಕಿತ್ಸೆ ಮತ್ತು ಅದರ ತೊಡಕುಗಳು

ಇವೆಲ್ಲ ಸೋತ ಮೇಲೆ ಶಸ್ತ್ರಚಿಕಿತ್ಸೆಯ ಮಾತು. ಎರಡು ದಾರಿಗಳಿವೆ. ಒಂದು, ನರದ ಮೇಲಿನ ಗಟ್ಟಿ ಪಟ್ಟಿಯನ್ನು ಕತ್ತರಿಸಿ ನರವನ್ನು ಉಳಿಸಿಕೊಂಡೇ ಸಡಿಲ ಮಾಡುವುದು. ಇನ್ನೊಂದು, ದಪ್ಪಗಾದ ನರದ ತುಂಡನ್ನು ತೆಗೆಯುವುದು. ಮಾಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಗುಣ ಕಾಣುತ್ತದೆ. ಎಲ್ಲರಿಗೂ ಅಲ್ಲ.

ನರದ ತುಂಡು ತೆಗೆದರೆ ಕಾಲು ಬಿದ್ದುಹೋಗುವುದಿಲ್ಲ. ಆ ನರ ಬೆರಳಿನ ಸ್ಪರ್ಶದ ಸುದ್ದಿ ಒಯ್ಯುವುದು, ನಡೆಯಲು ಬೇಕಾದ ಸ್ನಾಯುಗಳನ್ನು ಆಡಿಸುವುದಲ್ಲ. ಎರಡು ಬೆರಳುಗಳು ಎದುರುಬದುರಾಗುವ ಬದಿಯಲ್ಲಿ ಮರಗಟ್ಟಿದಂತಿರುತ್ತದೆ, ಅದು ಬಹುತೇಕ ಶಾಶ್ವತ. ಇದು ತಪ್ಪಿನಿಂದ ಆಗುವುದಲ್ಲ, ಚಿಕಿತ್ಸೆಗೆ ತೆರುವ ಬೆಲೆ. ಮೊದಲೇ ಗೊತ್ತಿದ್ದರೆ ಆಮೇಲೆ ಗಾಬರಿಯಾಗುವುದಿಲ್ಲ.

ತೊಡಕುಗಳಲ್ಲಿ ಮುಖ್ಯವಾದದ್ದು ಮಿಚೆಲ್ ಸೈನಿಕರಲ್ಲಿ ಕಂಡ ಬಗೆಯದ್ದೇ. ಕತ್ತರಿಸಿದ ನರದ ತುದಿ ಗಂಟುಕಟ್ಟಿ ನೋವು ಮರಳಬಹುದು. ಮೊದಲಿನದ್ದಕ್ಕಿಂತ ಅದು ಹಠಮಾರಿ, ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆ ತುದಿ ಹೆಜ್ಜೆಯ ಭಾರ ಬೀಳುವ ಜಾಗದಿಂದ ದೂರವಿರುವಂತೆ ನರವನ್ನು ಸಾಕಷ್ಟು ಹಿಂದೆ ಕತ್ತರಿಸುವುದು, ತುದಿಯನ್ನು ಸ್ನಾಯುವಿನೊಳಗೆ ಹುದುಗಿಸುವುದು ಇದನ್ನು ತಪ್ಪಿಸಲು ಮಾಡುವ ಕ್ರಮಗಳು.

ಗಾಯದಲ್ಲಿ ಕೀವಾಗುವುದು, ರಕ್ತ ಕಟ್ಟಿಕೊಳ್ಳುವುದು, ಗಾಯದ ಗುರುತು ಗಟ್ಟಿಯಾಗಿ ನೋಯುವುದು ಇತರ ತೊಡಕುಗಳು. ಪಾದದ ಮೇಲ್ಭಾಗದಿಂದ ಕೊಯ್ದರೆ ಬೇಗ ಕಾಲೂರಬಹುದು. ಅಂಗಾಲಿನಿಂದ ಕೊಯ್ದರೆ ನರ ಸುಲಭವಾಗಿ ಸಿಗುತ್ತದೆ, ಆದರೆ ಗಾಯದ ಗುರುತು ಹೆಜ್ಜೆಯ ಕೆಳಗೇ ಬರುತ್ತದೆ, ಕೆಲವು ವಾರ ಭಾರ ಹಾಕದೆ ಇರಬೇಕಾಗುತ್ತದೆ. ಅಪರೂಪಕ್ಕೆ ಇಡೀ ಪಾದ ಊದಿ, ಬಣ್ಣ ಬದಲಾಗಿ, ಮುಟ್ಟಿದರೂ ತಡೆಯಲಾಗದ ನೋವು ಬರಬಹುದು. ಹಾಗಾದರೆ ಕೂಡಲೇ ವೈದ್ಯರನ್ನು ಕಾಣಬೇಕು. ಇನ್ನು ರೋಗ ಗುರುತಿಸಿದ್ದೇ ತಪ್ಪಾಗಿದ್ದರೆ, ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿರಲಿ, ನೋವು ಹೋಗುವುದಿಲ್ಲ.

ನಮ್ಮ ಕಡೆಯವರು ಇನ್ನೆರಡು ವಿಷಯ ನೆನಪಿಡಬೇಕು. ಹೊಗೆಸೊಪ್ಪು ಬೆಳೆಯುವ ಈ ತಾಲ್ಲೂಕುಗಳಲ್ಲಿ ಬೀಡಿ ಸಿಗರೇಟು ಸೇದುವವರೂ ಇದ್ದಾರೆ. ಹೊಗೆ ಸಣ್ಣ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಪಾದದ ಗಾಯ ಮಾಗುವುದು ತಡವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಬಿಡುವುದು ಒಳ್ಳೆಯದು. ಎರಡನೆಯದು ಸಮಯ. ಗಾಯ ಮಾಗುವ ಮೊದಲೇ ಗದ್ದೆಯ ಕೆಸರಿಗಿಳಿದರೆ ಕೀವಾಗುವುದು ಸುಲಭ. ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲ, ಆದ್ದರಿಂದ ನಾಟಿ ಮತ್ತು ಸೊಪ್ಪು ಮುರಿಯುವ ತಿಂಗಳುಗಳನ್ನು ಬಿಟ್ಟು, ಮನೆಯಲ್ಲಿ ಕೂರಲು ಆಗುವ ದಿನಗಳನ್ನು ವೈದ್ಯರ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಬಹುದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೆಲವು ಪ್ರಶ್ನೆ ಕೇಳಿ. ಇದು ಇದೇ ಕಾಯಿಲೆ ಎಂದು ಹೇಗೆ ಖಚಿತವಾಯಿತು? ಚಪ್ಪಲಿ, ಮೆತ್ತೆ, ಇಂಜೆಕ್ಷನ್ ಎಲ್ಲವನ್ನೂ ಸಾಕಷ್ಟು ದಿನ ನೋಡಿದ್ದೇವೆಯೇ? ನರ ಉಳಿಸುತ್ತೀರೋ ತೆಗೆಯುತ್ತೀರೋ? ಯಾವ ಕಡೆಯಿಂದ ಕೊಯ್ಯುತ್ತೀರಿ? ನೋವು ಮರಳಿದರೆ ಮುಂದೇನು? ಹೀಗೆ ಕೇಳುವುದು ವೈದ್ಯರಿಗೆ ಅವಮಾನ ಮಾಡಿದಂತಲ್ಲ.

ಹೊರಗೆ ಏನೂ ಕಾಣದ ನೋವನ್ನು ಮಾರ್ಟನ್ ನಂಬಿದರು, ಜಾಗ ಗುರುತಿಸಿದರು. ಕಾರಣದಲ್ಲಿ ಅರ್ಧ ತಪ್ಪಿದರು, ಮುಂದಿನವರು ತಿದ್ದಿದರು. ನಿಮ್ಮ ಮನೆಯಲ್ಲಿ ಯಾರಾದರೂ ಚಪ್ಪಲಿಯಲ್ಲಿ ಕಲ್ಲಿದೆ ಎಂದು ಹೇಳಿ, ಕೊಡವಿದರೆ ಏನೂ ಬೀಳದಿದ್ದರೆ, ಅವರ ಮಾತನ್ನು ನಂಬಿ. ಜಾಗ ಎಲ್ಲಿ ಎಂದು ಕೇಳಿ. ಕಾರಣ ಹೇಳುವ ಕೆಲಸವನ್ನು ವೈದ್ಯರಿಗೆ ಬಿಡಿ.